ಕೆಂಪು ಸ್ಪಂಜಿನ ಹೆಡ್‌ಫೋನು

ರಾಣೆಬೆನ್ನೂರಿನ ಬಸ್ಸು ಹತ್ತುವ ಮೊದಲು ಮೈಲವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಕೈ ತೊಳೆದಳು. ಸೋಪು ಹಚ್ಚಿದಳು, ತಿಕ್ಕಿದಳು, ತೊಳೆದಳು, ಮತ್ತೆ ಹಚ್ಚಿದಳು. ಎಣ್ಣೆ ಮಾತ್ರ ಮುಟ್ಟಲಿಲ್ಲ. ದಿನಾ ಸಂಜೆ ಶೇಂಗಾ ಎಣ್ಣೆ ಸವರಿ, ಕಡಲೆಹಿಟ್ಟಿನಿಂದ ಉಜ್ಜಿ, ಆಮೇಲೆ ನೀರು ಹಾಕಿಕೊಳ್ಳುವವಳು ಅವಳು. ಮೆಣಸಿನಕಾಯಿಯ ಉರಿ ಎಣ್ಣೆಗೆ ಬಿಡುತ್ತದೆಯೇ ಹೊರತು ಸೋಪಿಗಲ್ಲ ಎಂಬುದು ಬ್ಯಾಡಗಿಯಲ್ಲಿ ತೊಟ್ಟು ಮುರಿಯುವ ಹೆಂಗಸರಿಗೆಲ್ಲ ಗೊತ್ತು. ಆದರೆ ಇವತ್ತು ಅಂಗಡಿಯ ಹೊಸ ಸಾಮಾನು ಮುಟ್ಟಬೇಕು. ಎಣ್ಣೆಗೈಯಿಂದ ಕಲೆ ಬಿದ್ದರೆ ಅಂಗಡಿಯವನು ಒಂದು ಮಾತು ಅಂದಾನು, ತಾನು ಎರಡು ಅಂದೇನು. ತನ್ನ ಸಿಟ್ಟಿನ ಪರಿಚಯ ಅವಳಿಗಿತ್ತು.

ಗಂಡ ಮಾಲತೇಶಪ್ಪ ಬೇವಿನಕಡ್ಡಿ ಜಗಿಯುತ್ತ ಹಿತ್ತಲ ಬಾಗಿಲಿಗೆ ಬಂದು ನಿಂತ. ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ. ಹೆಗಲು ದೊಡ್ಡದು, ಮಾತು ಸಣ್ಣದು.

"ಎಲ್ಲಿಗೆ ಹೊಂಟೀದಿ ಇಷ್ಟು ತಿಕ್ಕೊಂಡು? ಬೀಗರ ಮನಿಗೇನ?"

"ರಾಣೆಬೆನ್ನೂರಿಗೆ. ನೀ ಕುಂತು ಮುರದೀಯಲ್ಲ, ಅದನ್ನ ತರಾಕ."

"ಹಾಸಿಗ್ಯಾಗ ಇಟ್ಟವರು ಯಾರು? ನಾ ಏನ್ ಬೆನ್ನಾಗ ಕಣ್ಣು ಇಟ್ಕೊಂಡು ಕುಂದ್ರಬೇಕಿತ್ತ?"

"ಕುಂದ್ರೂ ಮುಂದ ಕೈಯಾಡಿಸಿ ನೋಡಬೇಕಿತ್ತು. ಮೆಣಸಿನಕಾಯಿ ಚೀಲದ ಮ್ಯಾಲ ಕುಂತು ಕುಂತು ನಿನಗ ಹಾಸಿಗಿ, ಚೀಲ ಎಲ್ಲಾ ಒಂದs ಆಗೇತಿ."

ಮಾಲತೇಶಪ್ಪ ಕಡ್ಡಿ ಉಗುಳಿದ. "ಮೊಮ್ಮಕ್ಕಳು ಬರೂ ಹೊತ್ತಿಗೆ ಕಿವ್ಯಾಗ ಡೊಳ್ಳು ಸಿಗಿಸ್ಕೊಂಡು ತಿರಗತಾಳಂತ. ಮಂದಿ ನಗತಾರ ಬೇ."

"ನಗಲಿ. ಹಂಗರ ನಗಲಿ. ನಮ್ಮ ಗೋದಾಮಿನ್ಯಾಗ ಯಾರೂ ನಕ್ಕು ಭಾಳ ದಿನಾತು."

ಮುರಿದದ್ದು ಹೆಡ್‌ಫೋನು. ಮುಂಬಯಿಗೆ ಮೆಣಸಿನಕಾಯಿ ಲೋಡು ಒಯ್ಯುವ ಲಾರಿಯಲ್ಲಿ ಡ್ರೈವರ್ ಆಗಿರುವ ತಮ್ಮ ಲಕ್ಕಪ್ಪ, ಅಲ್ಲಿನ ಫುಟ್‌ಪಾತಿನಲ್ಲಿ ಕೊಂಡು ಅಕ್ಕನಿಗೆಂದು ಒಂದು ವಾಕ್‌ಮ್ಯಾನ್ ತಂದಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಕ್ಯಾಸೆಟ್ ಒಳಗಿಟ್ಟು, ತಲೆಯ ಮೇಲಿನಿಂದ ಕಿವಿಗೆ ಕೂಡುವ ತಂತಿ ಹಾಕಿಕೊಂಡರೆ ಹಾಡು ನಮಗೊಬ್ಬರಿಗೇ. ಮೈಲವ್ವ ಅದನ್ನು ಗೋದಾಮಿಗೆ ಒಯ್ಯುವ ಮೊದಲೇ ಮಾಲತೇಶಪ್ಪ ಅದರ ಕಿವಿಗಳ ಮೇಲೆ ಕೂತಿದ್ದ.

ಗೋದಾಮಿಗೇ ಯಾಕೆ ಒಯ್ಯಬೇಕು ಎಂದು ಕೇಳಿದರೆ ಸಿಟ್ಟಿಗೆ ಅವಳ ಮುಖ ಕೆಂಪಾಗುತ್ತಿತ್ತು.

ತೊಟ್ಟು ಮುರಿಯುವ ಕೆಲಸಕ್ಕೆ ಕೂತಾಗ ಮೈಲವ್ವನಿಗೆ ಇನ್ನೂ ಮದುವೆಯ ಅರಿಸಿನ ಮಾಸಿರಲಿಲ್ಲ. ಅಂದಿನಿಂದ ಅದೇ ಗೋದಾಮು, ಅದೇ ಗೋಡೆಯ ಪಕ್ಕದ ಜಾಗ. ನಡುವೆ ಕೆಂಪು ರಾಶಿ, ಸುತ್ತ ಹೆಂಗಸರು. ತಲೆಗೆ, ಮೂಗಿಗೆ, ಬಾಯಿಗೆ ಹಳೆಯ ಬಟ್ಟೆ ಸುತ್ತಿಕೊಂಡರೆ ಕಣ್ಣು ಮಾತ್ರ ಹೊರಗೆ. ಕೈ ರಾಶಿಗೆ ಹೋಗುತ್ತದೆ, ಕಾಯಿ ಎತ್ತುತ್ತದೆ, ತೊಟ್ಟು ಚಿವುಟುತ್ತದೆ, ಬುಟ್ಟಿಗೆ ಬೀಳಿಸುತ್ತದೆ. ಇಡೀ ದಿನ ಇಷ್ಟೇ. ಇದನ್ನು ಸುಮ್ಮನೆ ಕೂತು ಮಾಡಲು ಸಾಧ್ಯವಿಲ್ಲ, ಅದಕ್ಕೇ ಹಾಡು. ಮೈಲವ್ವ ಮೊದಲ ಸಾಲು ಎತ್ತಿಕೊಡುತ್ತಿದ್ದಳು, ಉಳಿದವರು ಹಿಡಿಯುತ್ತಿದ್ದರು. ನಡುವೆ ಯಾರಿಗಾದರೂ ಸೀನು ಬಂದರೆ ಅವಳ ಪಾಲಿನ ಸಾಲನ್ನು ಪಕ್ಕದವಳು ಎತ್ತಿಕೊಳ್ಳುತ್ತಿದ್ದಳು. ಹಾಡಿನ ಓಟಕ್ಕೆ ಕೈಯೂ ಓಡುತ್ತಿತ್ತು.

ಹೋದ ಸುಗ್ಗಿಯಲ್ಲಿ ಸಾಹುಕಾರರು ಗೋದಾಮಿಗೆ ಫೋನು ಹಾಕಿಸಿದರು. ಫೋನಿನ ಪಕ್ಕದಲ್ಲಿ ಗಾದಿ ಹಾಕಿಕೊಂಡು ದಿವಾನಜಿ ಕರಬಸಪ್ಪ ಕೂತ. ಲೆಕ್ಕ ಬರೆಯುವುದು, ಆಳುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಕೂತ ವಾರದಲ್ಲೇ ಹಾಡು ನಿಲ್ಲಿಸಿದ. ಮುಂಬಯಿಯ ಸೇಠ್‌ಜಿ ಹೇಳುವ ರೇಟು ಕೇಳಿಸುವುದಿಲ್ಲವಂತೆ. ಸರಿ, ಅದನ್ನಾದರೂ ಒಪ್ಪೋಣ. ಆದರೆ ಇನ್ನೊಂದು ವಾರಕ್ಕೆ ಅದೇ ಕರಬಸಪ್ಪ ಗೋಡೆಗೆ ಮೊಳೆ ಹೊಡೆಸಿ ಒಂದು ಸ್ಪೀಕರು ತೂಗುಹಾಕಿ, ಬೆಳಗಿನಿಂದ ಸಂಜೆಯವರೆಗೆ ಪ್ರವಚನದ ಕ್ಯಾಸೆಟ್ ಹಾಕತೊಡಗಿದ. ಹೆಣ್ಣು ಹೇಗೆ ನಡೆಯಬೇಕು, ಹೆಣ್ಣು ಎಷ್ಟು ಮಾತಾಡಬೇಕು, ಗಂಡ ಉಂಡ ಮೇಲೆ ಹೆಣ್ಣು ಏನು ಉಣ್ಣಬೇಕು. ಯಾವುದೋ ಮಠದ ಅಪ್ಪನ ಒಂದೇ ದನಿ, ಒಂದೇ ಕ್ಯಾಸೆಟ್.

"ಏನ್ರೀ ದಿವಾನಜಿ," ಮೈಲವ್ವ ಮೊದಲ ದಿನವೇ ಎದ್ದು ನಿಂತು ಕೇಳಿದ್ದಳು, "ನಮ್ಮ ಹಾಡು ಫೋನಿಗೆ ಅಡ್ಡ ಬರತೈತಿ, ಈ ಅಪ್ಪನ ಮಾತು ಅಡ್ಡ ಬರೂದಿಲ್ಲೇನ್ರಿ?"

"ಒಳ್ಳೆ ಮಾತು ಯಾವತ್ತೂ ಅಡ್ಡ ಬರೂದಿಲ್ಲವಾ. ಕುಂದ್ರು. ಹಾಡಿದ್ರ ಕೈ ನಿಲ್ತಾವ."

ಕೈ ನಿಂತದ್ದು ಹಾಡು ನಿಂತ ಮೇಲೆ. ಬುಟ್ಟಿ ತುಂಬುವುದು ತಡವಾಯಿತು, ಸೊಂಟ ಬೇಗ ನೋಯತೊಡಗಿತು, ಹೆಂಗಸರು ಒಬ್ಬರ ಮೇಲೊಬ್ಬರು ಹರಿಹಾಯತೊಡಗಿದರು. ಮೈಲವ್ವ ಮನೆಗೆ ಬಂದು ಗಂಡನ ಮೇಲೆ, ಕೋಳಿಯ ಮೇಲೆ, ಕೊಡದ ಮೇಲೆ ರೇಗುತ್ತಿದ್ದಳು. ಆಗ ಬಂದದ್ದು ವಾಕ್‌ಮ್ಯಾನ್. ತಲೆಗೆ ಸುತ್ತಿದ ಬಟ್ಟೆಯೊಳಗೆ ತಂತಿ ಅಡಗಿಸಿದರೆ ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ. ಕರಬಸಪ್ಪನ ಪ್ರವಚನ ಗೋಡೆಗೆ ಇರಲಿ. ತನ್ನ ಕಿವಿಯಲ್ಲಿ ಡೊಳ್ಳು ಇರಲಿ.

ಹಾಗಾಗಿ ಯಾವುದೋ ಒಂದು ಹೆಡ್‌ಫೋನು ಅವಳಿಗೆ ಬೇಕಿರಲಿಲ್ಲ. ಕಾಗಿನೆಲೆಯ ತವರಿನಲ್ಲಿ ಅವಳ ಅಪ್ಪ ಹಾಲಸಿದ್ದಪ್ಪ ಡೊಳ್ಳು ಬಾರಿಸುತ್ತಿದ್ದ. ಮಳೆಗೆ ಚರ್ಮ ಸಡಿಲಾದರೆ ಒಲೆಯ ಮುಂದೆ ಹಿಡಿದು ಕಾಯಿಸಿ, ಗುಣಿಕೋಲಿನಿಂದ ಒಂದು ಪೆಟ್ಟು ಹಾಕಿ ನೋಡುತ್ತಿದ್ದ. ಹೆಣ್ಣುಮಕ್ಕಳು ಡೊಳ್ಳು ಹೊರುವ ರೂಢಿ ಇರಲಿಲ್ಲ. ಮೈಲವ್ವ ಡೊಳ್ಳಿನ ಇನ್ನೊಂದು ಮಗ್ಗುಲಿಗೆ ಬೆನ್ನು ಒತ್ತಿಕೊಂಡು ಕೂರುತ್ತಿದ್ದಳು. ಪೆಟ್ಟು ಬಿದ್ದಾಗ ದನಿ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬರುತ್ತಿತ್ತು. ಅಲ್ಲಿಂದ ಹೊಟ್ಟೆಗೆ ಇಳಿದು ಅಲ್ಲೊಂದು ನಗೆ ಎಬ್ಬಿಸುತ್ತಿತ್ತು. ಆ ನಗೆ ಏಳಬೇಕು. ಏಳದಿದ್ದರೆ ಆ ತಂತಿ ತನಗೆ ಬೇಡ.

ಸೆರಗಿನ ಗಂಟಿನಲ್ಲಿ ನೂರರ ಒಂದು ನೋಟು, ಕೈಚೀಲದಲ್ಲಿ ವಾಕ್‌ಮ್ಯಾನ್, ಅದರೊಳಗೆ ಡೊಳ್ಳಿನ ಹಾಡಿನ ಕ್ಯಾಸೆಟ್. ಮೈಲವ್ವ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು.

ಅಂಗಡಿಯ ಮುಂದೆ ಹೆಡ್‌ಫೋನುಗಳು ಹಾಗಲಕಾಯಿಯ ಹಾಗೆ ಜೋತಾಡುತ್ತಿದ್ದವು. ಒಳಗೆ ಅಂಗಡಿಯವ ಫಕ್ಕೀರೇಶ. ವಯಸ್ಸು ಇಪ್ಪತ್ತೈದರ ಮೇಲಿರಲಾರದು. ಕೊರಳಿಗೆ ತಾನೂ ಒಂದು ಹೆಡ್‌ಫೋನು ಹಾಕಿಕೊಂಡಿದ್ದ.

"ಏನ್ ಬೇಕಾಗಿತ್ತಜ್ಜಿ?"

ಅಜ್ಜಿ! ಮೈಲವ್ವನಿಗೆ ನಲವತ್ತಮೂರು. ಮೊದಲ ಕಿಡಿ ಅಲ್ಲೇ ಬಿತ್ತು.

"ಇದಕ್ಕ ಕಿವಿ ಬೇಕಾಗಿದ್ವು, ಅಜ್ಜಾ," ಎಂದು ವಾಕ್‌ಮ್ಯಾನನ್ನು ಗಾಜಿನ ಮೇಲೆ ಇಟ್ಟಳು.

ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ನಕ್ಕ. ಫಕ್ಕೀರೇಶ ನಗಲಿಲ್ಲ. ಎಲ್ಲಕ್ಕಿಂತ ಅಗ್ಗದ್ದನ್ನು ಇಳಿಸಿ ಅವಳ ಮುಂದೆ ಒಗೆದ. "ಇದು ನಿಮಗ ಸಾಕು."

"ಹಾಕ್ಕೊಂಡು ನೋಡತೇನಿ."

"ಕಿವಿಗೆ ಹಾಕಿ ನೋಡೂ ಮಾಲಲ್ಲ ಇದು. ಬೇಕಾರ ತಗೋರಿ, ಇಲ್ಲಾಂದ್ರ ಬಿಡ್ರಿ."

"ಆತ ಆಗಿಂದ ನಾಕು ಹಾಕ್ಕೊಂಡು ನೋಡಿದ್ನಲ್ಲ," ಮೈಲವ್ವ ಪಕ್ಕದ ಗಿರಾಕಿಯತ್ತ ಬೆರಳು ಮಾಡಿದಳು. "ಅವನ ಕಿವಿ ಬಂಗಾರದ್ದೇನ? ಸೀರಿ ಅಂಗಡ್ಯಾಗ ಸೀರಿ ಹರವಿ ತೋರಸ್ತಾರ. ಕಲ್ಲಂಗಡಿ ಮಾರಾವ ಬಡದು ನೋಡಾಕ ಕೊಡ್ತಾನ. ಕಿವ್ಯಾಗ ಹಾಕ್ಕೊಳ್ಳೂದನ್ನ ಕಣ್ಣಿಲೆ ನೋಡಿ ತಗೋಬೇಕೇನು?"

ದನಿ ರಸ್ತೆಯವರೆಗೂ ಹೋಯಿತು. ಫಕ್ಕೀರೇಶ ತಂತಿ ಸಿಕ್ಕಿಸಿಕೊಟ್ಟ.

ಅಗ್ಗದ್ದರಲ್ಲಿ ಡೊಳ್ಳು ಡಬ್ಬಿಯೊಳಗೆ ಹೊಕ್ಕ ನೊಣದ ಹಾಗಿತ್ತು. ತೆಗೆದಿಟ್ಟಳು. ಎರಡನೆಯದು ಕಪ್ಪು ಸ್ಪಂಜಿನದು. ಅದನ್ನು ಕೊಡುವಾಗ ಅವನ ಮುಖದಲ್ಲಿ ಭಕ್ತಿಯಿತ್ತು.

"ಇದು ಕ್ಲಿಯರ್ ಅಂದ್ರ ಕ್ಲಿಯರ್. ಸುದ್ದಿ, ಭಜನಿ, ಪ್ರವಚನ, ಒಂದೊಂದು ಅಕ್ಷರ ಬಿಡಿಸಿ ಹೇಳತೈತಿ. ನಿಮ್ಮಂಥಾ ಹಿರೇರಿಗೆ ಇದs ಬರೋಬ್ಬರಿ."

ಪ್ರವಚನ ಎಂಬ ಮಾತಿಗೆ ಮೈಲವ್ವನ ಹಲ್ಲು ಕಚ್ಚಿಕೊಂಡವು. ಆದರೂ ಹಾಕಿಕೊಂಡಳು. ಸ್ಪಂಜನ್ನು ಹಿಂಡಿ ಹಿಂಡಿ ಕಿವಿಗೆ ಕೂಡಿಸಿದಳು. ಅವನು ಹೇಳಿದ್ದು ಸುಳ್ಳಲ್ಲ. ಹಾಡಿನ ಒಂದೊಂದು ಅಕ್ಷರವೂ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆದರೆ ಡೊಳ್ಳು? ಯಾರೋ ಬಾಗಿಲ ಹೊರಗೆ ನಿಂತು, ಒಳಗೆ ಬರಲೋ ಬೇಡವೋ ಎಂದು ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ.

"ಆ ಕೆಂಪು ಸ್ಪಂಜಿಂದು ಕೊಡು."

"ಅದು ಕುಣಿಯೂ ಹುಡುಗ್ರ ಮಾಲು. ಬರೇ ಧಬ ಧಬ ಅಂತೈತಿ, ಮಾತು ಸರಿ ಕೇಳಸೂದಿಲ್ಲ. ನಿಮಗ ತಲಿನೋವು ಬರತೈತಿ."

"ತಲಿ ನಂದು. ಕೊಡು."

ಅದರ ರೇಟೂ ಅವಳ ನೋಟಿನೊಳಗೇ ಇತ್ತು; ಉಳಿದದ್ದರಲ್ಲಿ ಬಸ್ಸಿನ ಚಾರ್ಜು, ಒಂದು ಚಹಾ ಆಗುತ್ತಿತ್ತು. ಗುಂಡಿ ಒತ್ತಿದಳು. ಮಾತು ಸ್ವಲ್ಪ ಕಲಸಿದ್ದು ನಿಜ. ಹಾಡುವವನು ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಆಮೇಲೆ ಡೊಳ್ಳು ಬಿತ್ತು.

ಪಕ್ಕೆಲುಬಿಗೆ ಬಿತ್ತು. ಒಲೆಯ ಮುಂದಿನ ಬೂದಿ, ಕಾದ ಚರ್ಮದ ವಾಸನೆ, ಅಪ್ಪನ ಮೊಣಕೈ, ಎಲ್ಲವೂ ಒಂದು ಪೆಟ್ಟಿಗೆ ಬಂದವು. ಹೊಟ್ಟೆಯ ತಳದಲ್ಲಿ ನಗೆ ಎದ್ದು ಮೇಲೆ ಬಂತು. ಅಂಗಡಿಯ ಕಲ್ಲಿನ ಮೇಲೆ ಅವಳ ಬಲಗಾಲು ತಾನಾಗಿಯೇ ತಾಳ ಹಾಕತೊಡಗಿತು.

"ಇದs ಬೇಕು," ಎಂದಳು. ಅದು ಕೂಗಿದ ಹಾಗಿತ್ತು.

ಅಷ್ಟರಲ್ಲಿ ಹಾವೇರಿ ಕೋರ್ಟಿನ ವಕೀಲರೊಬ್ಬರು ಒಳಗೆ ಬಂದರು. ಕೈಯಲ್ಲಿ ಕರಿ ಕೋಟು ಮಡಚಿ ಹಿಡಿದಿದ್ದರು. ಫಕ್ಕೀರೇಶ ಎದ್ದು ನಿಂತ, ಸ್ಟೂಲು ಒರೆಸಿದ, "ಬರ್ರಿ ಸಾಹೇಬ್ರ, ಕುಂದ್ರಿ," ಎಂದ. ಸಾಹೇಬರು ಬಾಯಿ ಬಿಡುವ ಮೊದಲೇ ಆ ಕಪ್ಪು ಸ್ಪಂಜಿನದನ್ನು ಎತ್ತಿ ಅವರ ತಲೆಗೇರಿಸಿದ. ಹಾಕಿ ನೋಡುವ ಮಾಲಲ್ಲ ಎಂಬ ಮಾತು ಈಗ ಎಲ್ಲಿ ಹೋಯಿತೋ! ಮೈಲವ್ವ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ವಕೀಲರು ಸ್ಪಂಜನ್ನು ಎರಡು ಬೆರಳಿನಿಂದ ಒತ್ತಿ ಕಿವಿಗೆ ಕೂಡಿಸಿಕೊಂಡರು, ಕಣ್ಣು ಮುಚ್ಚಿದರು, ತಲೆದೂಗಿದರು. ಆಮೇಲೆ ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡರು.

"ಅಯ್ಯಯ್ಯಯ್ಯೋ! ಕಿವಿ! ಕಣ್ಣು! ಏನ್ ಹಚ್ಚೀಯೋ ಇದಕ್ಕ?"

ಹೆಡ್‌ಫೋನು ಹಾರಿ ನೆಲಕ್ಕೆ ಬಿತ್ತು. ವಕೀಲರ ಕಿವಿ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಫಕ್ಕೀರೇಶ ನೀರು ತಂದ. ನೀರು ಹಾಕಿದ ಮೇಲೆ ಉರಿ ಇನ್ನೂ ಹರಡಿ, ಅವರ ಕೂಗು ಇಡೀ ಸಾಲಿನ ಅಂಗಡಿಗಳಿಗೆ ಕೇಳಿಸಿತು.

ಮೈಲವ್ವ ತನ್ನ ಕೈ ನೋಡಿಕೊಂಡಳು. ಸೋಪು! ಎಲ್ಲ ಗೊತ್ತಿದ್ದೂ, ಅವನ ಸಾಮಾನಿಗೆ ಕಲೆಯಾದೀತೆಂದು ಎಣ್ಣೆ ಮುಟ್ಟದೆ ಬಂದ ಬುದ್ಧಿಗೇಡಿ ತಾನು. ಅವಳ ಕಿವಿಗೆ ಏನೂ ಆಗಿರಲಿಲ್ಲ. ಎಂದೋ ಸುಟ್ಟು ಸುಟ್ಟು ಗಟ್ಟಿಯಾದ ಕಿವಿ ಅದು.

"ತಪ್ಪಾತ್ರೀ ಯಪ್ಪಾ," ಎಂದು ವಕೀಲರಿಗೆ ಕೈಮುಗಿದಳು. "ಬ್ಯಾಡಗಿ ಕೈರಿ ಇವು. ನೀರು ಬ್ಯಾಡ, ಚೂರು ಕೊಬ್ರಿ ಎಣ್ಣಿ ಹಚ್ಚಗೋರಿ, ಕಣ್ಣಿಗೆ ಹಾಲಿನ ಬಟ್ಟಿ ಇಡ್ರಿ."

ವಕೀಲರು ಏನೋ ಗೊಣಗುತ್ತ, ಒಂದೇ ಕಣ್ಣಿನಲ್ಲಿ ದಾರಿ ನೋಡಿಕೊಳ್ಳುತ್ತ ಎದುರಿನ ಹೋಟೆಲಿಗೆ ಓಡಿದರು.

ಈಗ ಫಕ್ಕೀರೇಶ ಗಾಜಿನ ಆಚೆಯಿಂದ ಈಚೆಗೆ ಬಂದ. "ಯಾವಾಕಿ ನೀ? ಮಾಲೆಲ್ಲಾ ಹಾಳ ಮಾಡಿದಿ, ಗಿರಾಕಿ ಹಾಳ ಮಾಡಿದಿ! ಇದಕ್ಕs ನಿಮ್ಮಂಥಾರಿಗೆ ಮುಟ್ಟಾಕ ಕೊಡಬಾರದು ಅನ್ನೂದು. ಆ ಕರೇದು ತಗೊಂಡು ಪೂರಾ ರೊಕ್ಕ ಇಟ್ಟು ನಡಿ. ಕೆಂಪಂದು ನಿನಗ ಕೊಡೂದಿಲ್ಲ."

ತಪ್ಪು ತನ್ನದೆಂದು ಮೈಲವ್ವನಿಗೆ ಗೊತ್ತಿತ್ತು. ಆದರೆ 'ನಿಮ್ಮಂಥಾರಿಗೆ' ಎಂಬ ಮಾತು ಆ ತಪ್ಪನ್ನೂ ದಾಟಿ ಒಳಗೆ ಹೋಯಿತು. ದಿವಾನಜಿ ಗೋಡೆಗೆ ಹಾಕಿದ ದನಿಯನ್ನೇ ಇವನು ಕಿವಿಗೆ ಹಾಕಹೊರಟಿದ್ದಾನೆ. ಕ್ಲಿಯರ್ ಅಂತೆ. ಒಂದೊಂದು ಅಕ್ಷರ ಬಿಡಿಸಿ ಹೇಳುತ್ತದಂತೆ.

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಏಳು ಮ್ಯಾಲೆ. ಗಿರಾಕಿ ಬರೂ ಜಾಗ."

"ನಾನೂ ಗಿರಾಕಿ." ಸೆರಗು ತೆಗೆದು ಒಮ್ಮೆ ಝಾಡಿಸಿದಳು. ಎಷ್ಟು ಒಗೆದರೂ ಬಿಡದ ಗೋದಾಮಿನ ಘಾಟು ಅದು. ಒಳಗೆ ಕಾಲಿಡುತ್ತಿದ್ದವನೊಬ್ಬ ಸೀನಿದ, ಮತ್ತೆ ಸೀನಿದ, ಹಾಗೇ ತಿರುಗಿ ಹೋದ. ಇನ್ನೊಬ್ಬ ಬಂದ. ಮೈಲವ್ವ ಇನ್ನೊಮ್ಮೆ ಝಾಡಿಸಿದಳು. ಫಕ್ಕೀರೇಶನೂ ಸೀನತೊಡಗಿದ. ಬೈಯಲು ಬಾಯಿ ತೆರೆದಾಗಲೆಲ್ಲ ಸೀನು. ಎದುರಿನ ಹೋಟೆಲಿನವರು ಹೊರಗೆ ಬಂದು ನಿಂತು ನಗುತ್ತಿದ್ದರು. ಮೈಲವ್ವ ನಗಲಿಲ್ಲ.

"ಏನ್... ಏನ್ ಮಾಡಂತೀ ಈಗ?" ಮೂಗು ಒರೆಸಿಕೊಳ್ಳುತ್ತ ಅವನು ಕೇಳಿದ.

"ಹಾಳ ಮಾಡಿದ್ದು ಸ್ಪಂಜು. ಸ್ಪಂಜಿನ ರೊಕ್ಕ ಕೊಡತೇನಿ." ಗೋಡೆಯಲ್ಲಿ ಪಾಕೀಟಿನೊಳಗೆ ಜೋತಾಡುತ್ತಿದ್ದ ಬಿಡಿ ಸ್ಪಂಜುಗಳನ್ನು ತೋರಿಸಿದಳು. "ಕರೇದಕ್ಕ ಅದನ್ನ ಹಾಕ್ಕೋ. ಕೆಂಪಂದು ನನಗ ಕಟ್ಟು."

ಗಂಟು ಬಿಚ್ಚಿ ನೋಟು ಇಟ್ಟಳು. ಚಹಾದ ರೊಕ್ಕ ಸ್ಪಂಜಿಗೆ ಹೋಯಿತು. ಕಟ್ಟಿಕೊಡುವಾಗ ಅವನು ಕೆಂಪು ಸ್ಪಂಜುಗಳನ್ನು ಕಿತ್ತು ಗಟಾರಕ್ಕೆ ಎಸೆದ, ಸೇಡಿಗೆ. ಮೈಲವ್ವ ಬರಿ ಪ್ಲಾಸ್ಟಿಕ್ ಕಿವಿಗಳನ್ನು ನೋಡಿದಳು, ಅವನನ್ನು ನೋಡಿದಳು. "ನಿನಗೂ ಅಜ್ಜಿ ಅನ್ನಾಕ ಯಾವಾಕಿರೆ ಸಿಗಲಿ," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆ ಮಾತಿಗೆ ಅರ್ಥವಿಲ್ಲವೆಂದು ಬಸ್ಸು ಹತ್ತಿದ ಮೇಲೆ ಹೊಳೆದು ಇನ್ನಷ್ಟು ಸಿಟ್ಟು ಬಂತು.

ಮರುದಿನ ಗೋದಾಮಿನಲ್ಲಿ ಪಕ್ಕದ ಗುಲಾಬಬಿ ಆ ಬರಿಗಿವಿಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಬ್ಬರೂ ಒಂದೇ ಸುಗ್ಗಿಯಲ್ಲಿ ಕೆಲಸಕ್ಕೆ ಕೂತವರು.

"ಮೈಲಕ್ಕಾ, ಇದು ಕಿವಿ ಕೊರಿತೈತಿ. ಬೇಕೂಫ, ಸ್ಪಂಜು ಯಾಕ ಒಗದಾನ?"

"ಅವನ ತಲಿ ಒಗದಿದ್ರ ಚಲೋ ಇತ್ತು."

ಗುಲಾಬಬಿ ಮಧ್ಯಾಹ್ನದ ರೊಟ್ಟಿ ಕಟ್ಟಿಕೊಂಡು ಬಂದಿದ್ದ ಮೆತ್ತನೆಯ ಬಟ್ಟೆಯನ್ನು ಹರಿದು, ದುಂಡಗೆ ಮಡಿಚಿ, ದಾರ ಸುತ್ತಿ ಎರಡು ಪುಟ್ಟ ದಿಂಬು ಮಾಡಿ ಕಟ್ಟಿಕೊಟ್ಟಳು. ಮೈಲವ್ವ ತಲೆಗೇರಿಸಿ, ಮೇಲೆ ಬಟ್ಟೆ ಸುತ್ತಿಕೊಂಡಳು. ತಂತಿ ಕುಪ್ಪಸದೊಳಗೆ ಇಳಿಯಿತು. ಗೋಡೆಯ ಸ್ಪೀಕರು ಹೆಣ್ಣಿನ ನಡೆಯ ಬಗ್ಗೆ ಶುರುಮಾಡಿತು. ಮೈಲವ್ವ ಗುಂಡಿ ಒತ್ತಿದಳು.

ಪ್ರವಚನ ಮುಳುಗಿಹೋಯಿತು. ಡೊಳ್ಳು ಪಕ್ಕೆಲುಬಿಗೆ ಬಿತ್ತು. ಕೈ ರಾಶಿಗೆ ಹೋಯಿತು, ಬಂತು, ಹೋಯಿತು, ಬಂತು. ಎಷ್ಟೋ ತಿಂಗಳ ಮೇಲೆ ಬೆರಳುಗಳು ಅವಳವಾದವು. ನಿನ್ನೆಯ ಸಿಟ್ಟು ಹೋಗಿರಲಿಲ್ಲ. ಒಂದೊಂದು ತೊಟ್ಟು ಮುರಿಯುವಾಗಲೂ ಅವಳು ಯಾರದೋ ಕುತ್ತಿಗೆಯನ್ನೇ ಮುರಿಯುತ್ತಿದ್ದಳು: ಇದು ಫಕ್ಕೀರೇಶನದು, ಇದು ದಿವಾನಜಿಯದು, ಇದು ಆ ಕ್ಯಾಸೆಟ್ಟಿನ ಅಪ್ಪನದು. ಬುಟ್ಟಿ ತುಂಬುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದಳು. ಏನೋ ಬದಲಾಗಿತ್ತು. ಎದುರಿನ ಹೆಂಗಸರ ಬಾಯಿಗೆ ಕಟ್ಟಿದ ಬಟ್ಟೆಗಳು ಉಬ್ಬುತ್ತಿದ್ದವು, ತಗ್ಗುತ್ತಿದ್ದವು, ಎಲ್ಲರದೂ ಒಟ್ಟಿಗೆ. ಎಲ್ಲರ ಕೈಗಳೂ ಒಂದೇ ಓಟದಲ್ಲಿದ್ದವು. ಆಚೆ ಗಾದಿಯ ಮೇಲೆ ಕರಬಸಪ್ಪ ಎದ್ದು ನಿಂತು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಕೈ ಬೀಸುತ್ತಿದ್ದ. ಇವರಿಗೆಲ್ಲ ಏನಾಯಿತು? ಗುಲಾಬಬಿ ಅವಳ ಮೊಣಕಾಲು ಒತ್ತಿದಳು. ಮೈಲವ್ವ ಬಟ್ಟೆಯೊಳಗೆ ಕೈಹಾಕಿ ಒಂದು ಕಿವಿ ಸರಿಸಿದಳು.

ಗೋದಾಮು ಹಾಡುತ್ತಿತ್ತು.

*ಗುಡ್ಡವ ಇಳಿದಾವ ಕುರಿ ಹಿಂಡು, ನನ ಅಣ್ಣ*
*ಬೀಸಿ ಬಾ ಕರಿಯ ಕಂಬಳಿಯ...*

ಆ ಸಾಲು ಎತ್ತಿಕೊಟ್ಟವಳು ತಾನೇ ಎಂದು ಆಗ ಅವಳಿಗೆ ತಿಳಿಯಿತು. ಬಾಯಿ ಇನ್ನೂ ತೆರೆದೇ ಇತ್ತು. ಕಿವಿಯಲ್ಲಿ ಡೊಳ್ಳು ತುಂಬಿದ್ದಕ್ಕೆ ತನ್ನ ದನಿ ತನಗೇ ಕೇಳಿಸಿರಲಿಲ್ಲ. ಗೋಡೆಯ ಸ್ಪೀಕರಿನ ಅಪ್ಪ ಎಲ್ಲೋ ದೂರದ ಬಾವಿಯಲ್ಲಿ ಬಿದ್ದವನ ಹಾಗೆ ಕೂಗುತ್ತಿದ್ದ.

"ಯಾರು ಶುರು ಮಾಡಿದವರು?" ಕರಬಸಪ್ಪ ರಾಶಿಯ ಅಂಚಿಗೆ ಬಂದಿದ್ದ. ಹಾಡು ತಗ್ಗಿತು. "ಮೈಲವ್ವಾ, ನೀನs? ಏನದು ಬಟ್ಟ್ಯಾಗ? ತಂತಿ ಕಾಣಾಕತ್ತೈತಿ. ತಗಿ. ಕೊಡಿಲ್ಲೆ."

ಮೈಲವ್ವ ಎದ್ದು ನಿಂತಳು. ತಲೆಯ ಬಟ್ಟೆ ಬಿಚ್ಚಿದಳು, ಹೆಡ್‌ಫೋನು ತೆಗೆದಳು. ಕೆಂಪು ಪುಡಿ ಹತ್ತಿದ ಬೆರಳುಗಳಿಂದ ಗುಲಾಬಬಿಯ ಆ ಪುಟ್ಟ ದಿಂಬುಗಳನ್ನು ಒಂದು ಸಲ ಚೆನ್ನಾಗಿ ಹಿಂಡಿ, ಅವನ ಮುಂದೆ ಚಾಚಿದಳು.

"ತಗೋರಿ ದಿವಾನಜಿ. ಕಸಗೊಂಡು ಯಾಕ ಇಡ್ತೀರಿ? ಕಿವಿಗೆ ಹಾಕ್ಕೊಂಡು ನೀವೂ ಒಂದೀಟು ಕೇಳ್ರಿ."

ಕರಬಸಪ್ಪನೂ ಬ್ಯಾಡಗಿಯವನೇ. ಅವನ ಕೈ ಮುಂದೆ ಬಂದು, ಅರ್ಧದಲ್ಲಿ ನಿಂತು, ಹಿಂದೆ ಹೋಯಿತು. ಯಾರೋ ಬಟ್ಟೆಯೊಳಗೆ ಕಿಸಕ್ಕೆಂದರು.

"ನಾಳಿಂದ ಕೆಲಸಕ್ಕ ಬರಬ್ಯಾಡ ನೀ!"

"ಹಂಗಾರ ನಾನೂ ಬರೂದಿಲ್ಲ್ರಿ," ಎಂದಳು ಗುಲಾಬಬಿ, ತಲೆಯೆತ್ತದೆ. ಅವಳ ಆಚೆಯವಳು ಕೈಲಿದ್ದ ಕಾಯಿಯನ್ನು ರಾಶಿಗೆ ವಾಪಸು ಹಾಕಿದಳು. ಅವಳನ್ನು ನೋಡಿ ಇನ್ನೊಬ್ಬಳು. ಲಾರಿ ಸಂಜೆಗೆ ಬರುವುದಿತ್ತು, ರಾಶಿ ಅರ್ಧವೂ ಕರಗಿರಲಿಲ್ಲ. ಕರಬಸಪ್ಪ ರಾಶಿ ನೋಡಿದ, ನಿಂತ ಕೈಗಳನ್ನು ನೋಡಿದ.

ಆಗ ಫೋನು ಗಣಗಣಿಸಿತು.

ಅವನು ಓಡಿದ. ಮೈಲವ್ವ ಕೂತಳು. ಹೆಡ್‌ಫೋನನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು, ತಲೆಗೆ ಬಟ್ಟೆ ಸುತ್ತಿ, ಈ ಸಲ ಬರಿಗಿವಿಯಲ್ಲಿ, ಬೇಕೆಂದೇ, ಎರಡನೆಯ ನುಡಿಯನ್ನು ಎತ್ತಿದಳು. ಸಿಟ್ಟಿಗೆ ದನಿ ಒರಟಾಗಿತ್ತು. ನಡುವೆ ಅವಳಿಗೆ ಸೀನು ಬಂತು; ಉಳಿದ ಸಾಲನ್ನು ಗುಲಾಬಬಿ ಹಿಡಿದಳು. ಕೈಗಳು ರಾಶಿಗೆ ಹೋದವು.

ಕರಬಸಪ್ಪ ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದಕ್ಕೆ ಅಂಗೈ ಮುಚ್ಚಿಕೊಂಡು ಕೂಗುತ್ತಿದ್ದ:

"ಏನಿಲ್ಲ್ರಿ ಸೇಠ್‌ಜಿ... ಹೆಣ್ಣಮಕ್ಕಳು ಹಾಡಾಕತ್ತಾರ್ರಿ... ಹೂಂ ರಿ, ಹಾಡಾಕತ್ತಾರ! ರೇಟು ಸ್ವಲ್ಪ ಜೋರಾಗಿ ಹೇಳ್ರಿ!"